ಸಸ್ಸಿಕಾಯಾ ನಮ್ಮ ಜೇಬಿಗಲ್ಲ. ಅದೇ ಕೈಯ ಬೇರೆ ಕೆಂಪು ವೈನ್ ಯಾವುದಾದರೂ ಇದೆಯಾ?

ಬಳ್ಳಾರಿ ಬಿಸಿಲು

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪನ ಮಗ ಇಟಲಿಯ ತೋರಿನೋದಲ್ಲಿ ಓದುತ್ತಿದ್ದಾನೆ. ಜನವರಿಯಲ್ಲಿ ಊರಿಗೆ ಬರುತ್ತಾನೆ. ಕೊಪ್ಪಳದ ಗವಿಮಠದ ಜಾತ್ರೆಗೆ ಬರಲೇಬೇಕು ಅಂತ ನಮ್ಮ ಚಿಕ್ಕಮ್ಮನ ಹಟ. ವೈನ್ ವಿಷಯ ಜಾತ್ರೆ ಎಲ್ಲ ಮುಗಿಸಿ ಬಳ್ಳಾರಿಗೆ ಬಂದಮೇಲಿನದು, ಯಾರೂ ತಪ್ಪು ತಿಳೀಬೇಡಿ.

"ಅಣ್ಣಾ, ನಿನಗೆ ಏನು ತರಲಿ" ಅಂತ ಕೇಳಿದ. ಒಂದು ಒಳ್ಳೆ ಕೆಂಪು ವೈನ್ ತಾರಪ್ಪಾ ಅಂದೆ. ನಾನು ಇಲ್ಲಿ ಕುಡಿಯುವುದು ಹೆಚ್ಚಾಗಿ ನಮ್ಮ ಕೊಪ್ಪಳ ಜಿಲ್ಲೆಯದೇ ಆದ ಕ್ರಸ್ಮಾ ಕ್ಯಾಬರ್ನೆ. ಇಷ್ಟ ಅದು ನನಗೆ. ಇಟಲಿ ವೈನ್ ಅಂದರೆ ಎಲ್ಲ ಕಡೆ ಸಸ್ಸಿಕಾಯಾ ಸಸ್ಸಿಕಾಯಾ ಅಂತಲೇ ಕೇಳಿದ್ದೆ. ಬೆಲೆ ನೋಡು ಅಂತ ಅವನಿಗೆ ಹೇಳಿದರೆ, ಇನ್ನೂರು ಯುರೋ ದಾಟಿದೆ ಅಂತ ಫೋಟೋ ಕಳಿಸಿದ. ಓದುವ ಹುಡುಗನ ಹತ್ತಿರ ಅದನ್ನು ತರಿಸಿದರೆ ಮನೆಯಲ್ಲಿ ನನ್ನನ್ನು ಸುಮ್ನೆ ಬಿಡುತ್ತಾರಾ.

ಹಾಗಾಗಿ ಕೇಳ್ತಾ ಇದ್ದೀನಿ. ಆ ವೈನ್ ಮಾಡಿದವರದೇ ಬೇರೆ ಯಾವುದಾದರೂ, ಹೆಸರು ಅಷ್ಟು ಓಡದ, ಆದರೆ ನಿಜವಾಗಿಯೂ ಚೆನ್ನಾಗಿರುವ ಬಾಟಲಿ ಇದೆಯಾ? 40 ಯುರೋ ಆಸುಪಾಸು ಇರಲಿ. ಇನ್ನೊಂದು, ನಮ್ಮ ಬಿಸಿಲಿಗೆ ಅದು ಕೆಡುವುದಿಲ್ಲವಾ? ಮಟನ್ ಜೊತೆ ನಡೆಯುತ್ತಾ? ಗೊತ್ತಿದ್ದವರು ಹೇಳಿ.

ಗಂಗಾವತಿ ಗ್ಲಾಸ್

ಸರ್, ಸರಿಯಾದ ಪ್ರಶ್ನೆ ಕೇಳಿದ್ದೀರಿ. ನಾನು ಕೆಲವು ವರ್ಷ ದುಬೈಯ ಒಂದು ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ ಮಾಡಿದವನು. ಈಗ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ನಿಮಗೆ ನನ್ನ ಉತ್ತರ ಒಂದೇ: ಬರ್ರುವಾ. ಮಾಡುವವರು ಅಗ್ರಿಕೊಲಾ ಪೂನಿಕಾ. ಸಾರ್ಡಿನಿಯಾ ದ್ವೀಪದ ನೈಋತ್ಯ ಮೂಲೆ, ಸುಲ್ಚಿಸ್ ಅನ್ನುವ ಸೀಮೆ.

ಸಸ್ಸಿಕಾಯಾ ಅಂದಕೂಡಲೇ ಜನ ಜಮೀನುದಾರರ ಹೆಸರು ಹೇಳುತ್ತಾರೆ. ಮಾರ್ಕೀಸ್ ಮಾರಿಯೋ ಇನ್ಚೀಸಾ ದೆಲ್ಲಾ ರೊಕ್ಕೆತ್ತಾ 1940ರ ದಶಕದಲ್ಲಿ ತಸ್ಕನಿಯ ಸಮುದ್ರದ ಕಡೆ ಕ್ಯಾಬರ್ನೆ ದ್ರಾಕ್ಷಿ ನೆಟ್ಟರು, ನಿಜ. ಮನೆಮಟ್ಟಿಗೆ ಕುಡಿಯುತ್ತಿದ್ದ ಅದನ್ನು ಮಾರುಕಟ್ಟೆಗೆ ಬಿಡುವ ಹಾಗೆ ತಿದ್ದಿದವರು ವೈನ್ ತಯಾರಿಕೆಯ ತಜ್ಞ ಜಾಕೊಮೊ ತಾಕಿಸ್. 1968ರ ಫಸಲು ಮೊದಲು ಮಾರಾಟಕ್ಕೆ ಬಂದದ್ದು. ತಾಕಿಸ್ ಆಗ ಆಂತಿನೊರಿ ಅನ್ನುವ ವೈನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಆ ಕಂಪನಿಯ ಹೆಸರಾಂತ ವೈನ್‌ಗಳಾದ ತಿನ್ಯಾನೆಲ್ಲೊ, ಸೊಲಾಯಾ ಇವೆರಡೂ ಅವರ ಕೈಯಿಂದಲೇ ಬಂದವು. ಹಳೆಯ ಪದ್ಧತಿಯಲ್ಲಿ ತಸ್ಕನಿಯ ಕಿಯಾಂತಿ ಸೀಮೆಯ ಕೆಂಪು ವೈನಿಗೆ ಬಿಳಿ ದ್ರಾಕ್ಷಿ ಬೆರೆಸುತ್ತಿದ್ದರು. ದೊಡ್ಡ ಹಳೆಯ ಪೀಪಾಯಿಗಳಲ್ಲಿ ಇಡುತ್ತಿದ್ದರು. ತಿನ್ಯಾನೆಲ್ಲೊದಲ್ಲಿ ಬಿಳಿ ದ್ರಾಕ್ಷಿ ಕೈಬಿಟ್ಟು, ಚಿಕ್ಕ ಓಕ್ ಪೀಪಾಯಿ ತಂದು, ಕಾಯಿಹುಳಿಯನ್ನು ಮೆತ್ತಗೆ ಮಾಡುವ ಎರಡನೇ ಹುದುಗನ್ನು ಅದೃಷ್ಟಕ್ಕೆ ಬಿಡದೆ ಹಿಡಿತದಲ್ಲಿ ಇಟ್ಟುಕೊಂಡವರು ಅವರು. ಇಟಲಿಯ ಅರ್ಧ ವೈನ್ ಜಗತ್ತು ಅವರಿಂದ ಕಲಿತಿದೆ ಅಂದರೆ ಜಾಸ್ತಿ ಆಗಲ್ಲ.

1980ರ ದಶಕದಿಂದ ಅವರು ಸಾರ್ಡಿನಿಯಾಕ್ಕೆ ಹೋಗಿಬಂದು ಸಲಹೆ ಕೊಡುತ್ತಿದ್ದರು. ಸುಲ್ಚಿಸ್‌ನಲ್ಲಿ ಸಾಂತಾದಿ ಅಂತ ಬೆಳೆಗಾರರ ಸಹಕಾರ ಸಂಘ ಇದೆ. ಅವರಿಗೆ ತೆರ್ರೆ ಬ್ರೂನೆ ಅನ್ನುವ ವೈನ್ ಮಾಡಿಸಿಕೊಟ್ಟರು. ಆ ನೆಲ, ಆ ದ್ರಾಕ್ಷಿ ಅವರಿಗೆ ಹಿಡಿಸಿಬಿಟ್ಟಿತು. 2002ರಲ್ಲಿ ಸಸ್ಸಿಕಾಯಾದ ಮನೆತನ, ಸಾಂತಾದಿ ಸಂಘ, ತಾಕಿಸ್ ಎಲ್ಲ ಸೇರಿ ಅಗ್ರಿಕೊಲಾ ಪೂನಿಕಾ ಶುರು ಮಾಡಿದರು. ಬರ್ರುವಾ ಅದರ ದೊಡ್ಡ ವೈನ್. ಸುಮಾರು 85 ಭಾಗ ಕರಿನ್ಯಾನೊ ದ್ರಾಕ್ಷಿ. ಉಳಿದದ್ದು ಕ್ಯಾಬರ್ನೆ ಸೊವಿನ್ಯೋಂ, ಮೆರ್ಲೊ.

ಈಗ ಲೆಕ್ಕ ನೋಡಿ. ಅದೇ ಮನೆತನ, ಅದೇ ಮನುಷ್ಯ ಹಾಕಿದ ಅಡಿಪಾಯ. ಬೆಲೆ ಮಾತ್ರ ಸಸ್ಸಿಕಾಯಾದ ಐದರಲ್ಲಿ ಒಂದು ಪಾಲೂ ಇಲ್ಲ. ಯಾಕೆ ಅಂದರೆ ಸಾರ್ಡಿನಿಯಾ ಅಂದಾಗ ಜನಕ್ಕೆ ಸಮುದ್ರತೀರ ನೆನಪಾಗುತ್ತದೆ, ವೈನ್ ನೆನಪಾಗಲ್ಲ. ಕರಿನ್ಯಾನೊಗೂ ಹೆಸರು ಕೆಟ್ಟಿದೆ. ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ಅದನ್ನು ಎಲ್ಲಿ ಬೇಕಾದಲ್ಲಿ ನೆಟ್ಟು, ಗೊಂಚಲು ಜಾಸ್ತಿ ಬಿಡಿಸಿ, ಲೀಟರ್ ಲೆಕ್ಕದಲ್ಲಿ ಮಾರುವ ತೆಳ್ಳನೆಯ ವೈನ್ ಮಾಡುತ್ತಿದ್ದರು. ಆ ಮೈಲಿಗೆ ಇನ್ನೂ ಹೋಗಿಲ್ಲ.

ಕೋಟೆ ಕೆಳಗಿನವ

ಗಂಗಾವತಿ ಅಣ್ಣಾವ್ರೇ, ಕಥೆ ಚೆನ್ನಾಗಿದೆ. ಆದರೆ ಒಂದು ಮಾತು. ತಾಕಿಸ್ ತೀರಿಕೊಂಡದ್ದು 2016ರಲ್ಲಿ. ಇವತ್ತು ಅಂಗಡಿಯಲ್ಲಿ ಸಿಗುವ ಬಾಟಲಿಯಲ್ಲಿ ಅವರ ಕೈ ಎಲ್ಲಿದೆ? ಹೆಸರು ಹೇಳಿ ಮಾರುವುದೇ ಆದರೆ ಅದಕ್ಕೂ ಸಸ್ಸಿಕಾಯಾಕ್ಕೂ ಏನು ವ್ಯತ್ಯಾಸ? ಒಂದು ಕಡೆ ದೊಡ್ಡ ಹೆಸರಿಗೆ ದೊಡ್ಡ ದುಡ್ಡು, ಇನ್ನೊಂದು ಕಡೆ ಅದೇ ಹೆಸರಿನ ನೆರಳಿಗೆ ಸ್ವಲ್ಪ ಕಮ್ಮಿ ದುಡ್ಡು. ಅಷ್ಟೇ ಅಲ್ವಾ?

ಇನ್ನೊಂದು. ಲೇಬಲ್ ಮೇಲೆ ಅದು ಬರೀ ಐಜಿಟಿ, ಅಂದರೆ ಇಂಥ ಸೀಮೆಯದು ಅನ್ನುವ ಸಡಿಲ ಮೊಹರು, ಇಸೊಲಾ ದೇಯಿ ನುರಾಗಿ ಅಂತ ಇರುತ್ತದೆ. ಜಾಗ, ದ್ರಾಕ್ಷಿ ಎಲ್ಲ ಕಟ್ಟುನಿಟ್ಟಾಗಿ ಗೊತ್ತುಮಾಡುವ ಡಿಒಸಿ ಮೊಹರು ಕೂಡ ಅಲ್ಲ. ಇಟಲಿಯ ಕಾನೂನಿನಲ್ಲಿ ಐಜಿಟಿ ಅಂದರೆ ಡಿಒಸಿಗಿಂತ ಕೆಳಗಿನ ಮೆಟ್ಟಿಲು. 40 ಯುರೋ ಕೊಟ್ಟು ಕೆಳಗಿನ ಮೆಟ್ಟಿಲಿನದ್ದು ಯಾಕೆ ತರಿಸಬೇಕು?

ನನ್ನ ಕೇಳಿದರೆ ಸಾಂತಾದಿ ಸಂಘದ್ದೇ ರೊಕ್ಕಾ ರೂಬಿಯಾ ತರಿಸಿ. ಅದೂ ಕರಿನ್ಯಾನೊ, ಕರಿನ್ಯಾನೊ ದೆಲ್ ಸುಲ್ಚಿಸ್ ಡಿಒಸಿ ಮೊಹರು ಇದೆ, ಬೆಲೆ ಬರ್ರುವಾದ ಅರ್ಧಕ್ಕಿಂತ ಕಮ್ಮಿ. ನಮ್ಮಲ್ಲಿ ಹಾಲಿನ ಸಂಘಕ್ಕೆ ಎಲ್ಲರೂ ಹಾಲು ಹಾಕುವ ಹಾಗೆ, ಅಲ್ಲಿ ಸಣ್ಣ ರೈತರು ತಮ್ಮ ದ್ರಾಕ್ಷಿ ತಂದು ಹಾಕುತ್ತಾರೆ. 1960ರಿಂದ ಇರುವ ಸಂಘ. ಮಾರ್ಕೀಸು ಗೀರ್ಕೀಸು ಯಾರೂ ಬೇಕಾಗಿಲ್ಲ.

ಗಂಗಾವತಿ ಗ್ಲಾಸ್

ಕೋಟೆಯವರೇ, ರೊಕ್ಕಾ ರೂಬಿಯಾ ಬಗ್ಗೆ ನನಗೆ ತಕರಾರೇ ಇಲ್ಲ. ಒಳ್ಳೆ ವೈನ್, ಒಳ್ಳೆ ಬೆಲೆ. ಆದರೆ ಐಜಿಟಿ ಮಾತು ಒಪ್ಪುವುದಿಲ್ಲ. ಸಸ್ಸಿಕಾಯಾ ಎಷ್ಟೋ ವರ್ಷ ಬರೀ "ವೀನೊ ದ ತಾವೊಲಾ" ಅಂತಲೇ ಮಾರಾಟವಾಗಿದೆ. ಅಂದರೆ ಊಟದ ಮೇಜಿನ ಸಾದಾ ವೈನ್, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಕಾನೂನಿನ ಪಟ್ಟಿಯಲ್ಲಿ ಆ ಜಾಗದ ಕೆಂಪು ವೈನ್ ಇರಲೇ ಇಲ್ಲ. 1978ರಲ್ಲಿ ಲಂಡನ್ನಿನಲ್ಲಿ ಡಿಕಾಂಟರ್ ಪತ್ರಿಕೆಯವರು ಜಗತ್ತಿನ ಕ್ಯಾಬರ್ನೆಗಳನ್ನೆಲ್ಲ ಸಾಲಾಗಿ ಇಟ್ಟು ರುಚಿ ನೋಡಿದಾಗ, ಮೊದಲು ಬಂದದ್ದು ಈ "ಸಾದಾ" ವೈನಿನ 1972ರ ಬಾಟಲಿ. ಅದಕ್ಕೆ ಡಿಒಸಿ ಸಿಕ್ಕಿದ್ದು 1994ರಲ್ಲಿ. ಮೊಹರು ನೋಡಿ ವೈನ್ ಕೊಂಡವರು ಅಷ್ಟು ವರ್ಷ ಅದನ್ನು ಅಗ್ಗಕ್ಕೆ ಸಿಗುತ್ತಿದ್ದಾಗಲೇ ಬಿಟ್ಟರು.

ತಾಕಿಸ್ ಕೈ ಎಲ್ಲಿದೆ ಅಂದಿರಿ. ಈ ವರ್ಷದ ಪೀಪಾಯಿಯಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಯಾವ ದ್ರಾಕ್ಷಿಯನ್ನು ಮುಂದೆ ಮಾಡಬೇಕು ಅನ್ನುವುದರಲ್ಲಿ ಇದೆ. ಸಸ್ಸಿಕಾಯಾದ ಜನ ಬೇರೆ ಊರಿಗೆ ಹೋದಾಗ ಸುಲಭದ ದಾರಿ ಯಾವುದು? ಅಲ್ಲೂ ಕ್ಯಾಬರ್ನೆ ತುಂಬಿಸಿ "ಸಸ್ಸಿಕಾಯಾದ ತಮ್ಮ" ಅಂತ ಮಾರುವುದು. ಜನ ಸಾಲು ನಿಂತು ಕೊಳ್ಳುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಅಲ್ಲಿನವರೇ ಮೊದಲಿನಿಂದ ಬೆಳೆಯುತ್ತಿದ್ದ ಕರಿನ್ಯಾನೊಗೆ ದೊಡ್ಡ ಪಾಲು ಕೊಟ್ಟು, ಕ್ಯಾಬರ್ನೆಯನ್ನು ಒಗ್ಗರಣೆ ಮಟ್ಟಕ್ಕೆ ಇಳಿಸಿದರು. ಆ ತೀರ್ಮಾನ ಈಗಲೂ ಬಾಟಲಿಯಲ್ಲಿದೆ.

ಬರ್ರುವಾ ರುಚಿ ಹೇಳಬೇಕು ಅಂದರೆ, ಗ್ಲಾಸಿಗೆ ಹಾಕಿದಾಗ ಬಣ್ಣ ಗಾಢ, ಅಂಚಿನಲ್ಲಿ ಮಾತ್ರ ಕೆಂಪು. ತೆರೆದ ತಕ್ಷಣ ಮೂಗಿಗೆ ಓಕ್ ಜಾಸ್ತಿ ಬಡಿಯುತ್ತದೆ, ಆ ಹೊತ್ತಿಗೆ ಯಾರೂ ತೀರ್ಪು ಕೊಡಬಾರದು. ಒಂದು ಗಂಟೆ ಬಿಟ್ಟು ನೋಡಿ. ಕಪ್ಪು ಚೆರ್ರಿ, ಜೇಷ್ಠಮಧು, ಬಿಸಿಲಿಗೆ ಕಾದ ಒಣ ಗಿಡಗಂಟಿಯ ವಾಸನೆ ಮೇಲೆ ಬರುತ್ತದೆ. ನಾಲಿಗೆ ಮೇಲೆ ದಪ್ಪ, ಆದರೆ ಕೊನೆಗೆ ಹುಳಿ ಬಂದು ಬಾಯಿ ತೊಳೆದ ಹಾಗೆ ಆಗುತ್ತದೆ. ನಿಮ್ಮ ಕ್ರಸ್ಮಾ ಕ್ಯಾಬರ್ನೆ ಇಷ್ಟ ಆಗಿದ್ದರೆ ಇದು ಪರಕೀಯ ಅನ್ನಿಸಲ್ಲ.

ಕುಷ್ಟಗಿ ದ್ರಾಕ್ಷಿ

ನಾನು ವೈನ್ ಕುಡಿಯುವುದು ಅಪರೂಪ, ದ್ರಾಕ್ಷಿ ಬೆಳೆಯುವವನು. ಕುಷ್ಟಗಿ ಕಡೆ ನಮ್ಮದು ಥಾಮ್ಸನ್, ತಿನ್ನುವ ದ್ರಾಕ್ಷಿ. ಕರಿನ್ಯಾನೊ ಅಂದಿದ್ದಕ್ಕೆ ನಿಂತು ಓದಿದೆ. ಯಾಕೆಂದರೆ ಈ ತಳಿಯ ಬಗ್ಗೆ ಒಂದು ಕಾಲಕ್ಕೆ ತಲೆ ಕೆಡಿಸಿಕೊಂಡಿದ್ದೆ.

ಅದು ಬಿಸಿಲು ಬೇಡುವ ಬಳ್ಳಿ. ತಡವಾಗಿ ಹಣ್ಣಾಗುತ್ತದೆ. ತಂಪು ಜಾಗದಲ್ಲಿ ನೆಟ್ಟರೆ ಹಣ್ಣಾಗುವುದೇ ಇಲ್ಲ, ಬರೀ ಹುಳಿ, ಬರೀ ಒಗರು. ಸುಲ್ಚಿಸ್ ಇಟಲಿಯ ತುಂಬ ಬಿಸಿಯ, ಒಣ ಜಾಗಗಳಲ್ಲಿ ಒಂದು. ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಎಲ್ಲ ಉಲ್ಟಾ. ಮುಂಗಾರಿನಲ್ಲಿ ಬಳ್ಳಿ ಎಲೆ ಬಿಟ್ಟುಕೊಂಡು ನಿಂತಿರುತ್ತದೆ, ಅದಕ್ಕೇ ನಾವು ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್‌ನಲ್ಲಿ ಇನ್ನೊಂದು ಚಾಟ್ನಿ ಮಾಡಿ ಫಸಲನ್ನು ಫೆಬ್ರವರಿ, ಮಾರ್ಚ್‌ಗೆ ದೂಡುತ್ತೇವೆ. ಅವರಿಗೆ ವರ್ಷಕ್ಕೆ ಒಂದೇ ಚಾಟ್ನಿ. ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್.

ಈ ತಳಿಗೆ ಬೂದಿ ರೋಗ ಬೇಗ ಬರುತ್ತದೆ. ಬೆಳೆದವರಿಗೆ ಗೊತ್ತು ಅದರ ಕಾಟ ಏನು ಅಂತ. ಕಾಯಿ ಮೇಲೆ ಬೂದಿ ಉದುರಿಸಿದ ಹಾಗೆ ಆಗಿ, ಸಿಪ್ಪೆ ಬೆಳೆಯುವುದು ನಿಂತು, ಒಳಗಿನ ತಿರುಳು ಬೆಳೆದು, ಕಾಯಿ ಸೀಳಿಬಿಡುತ್ತದೆ. ಸುಲ್ಚಿಸ್‌ನಲ್ಲಿ ವಾಯವ್ಯದಿಂದ ಮಾಯೆಸ್ತ್ರಾಲೆ ಅನ್ನುವ ಗಾಳಿ ಜೋರಾಗಿ ಬೀಸುತ್ತದೆ. ಗೊಂಚಲಿನ ಮೇಲೆ ತೇವ ನಿಲ್ಲಲ್ಲ, ರೋಗ ಕಮ್ಮಿ. ಆದರೆ ಅದೇ ಗಾಳಿಗೆ ಎತ್ತರದ ಬಳ್ಳಿ ನಿಲ್ಲಲ್ಲ. ಅದಕ್ಕೆ ಅಲ್ಲಿನ ಹಳೆಯ ತೋಟಗಳಲ್ಲಿ ಕಲ್ಲುಕಂಬ ಇಲ್ಲ, ತಂತಿ ಇಲ್ಲ, ಚಪ್ಪರ ಇಲ್ಲ. ಬಳ್ಳಿಯನ್ನು ಪೊದೆಯ ಹಾಗೆ ನೆಲಕ್ಕೆ ಹತ್ತಿರ ಬಿಡುತ್ತಾರೆ. ಒಂದು ಬಳ್ಳಿಗೆ ಗೊಂಚಲು ಕೆಲವೇ. ನಮ್ಮ ಕಡೆ ಹಾಗೆ ಬಿಟ್ಟರೆ ಮುಂಗಾರಿನಲ್ಲಿ ಡೌನಿ ಅನ್ನುವ ಬೂಷ್ಟು ರೋಗ ಬಂದು ಎಲ್ಲ ಹೋಯಿತು ಅಂತ ಲೆಕ್ಕ!

ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸಿದ್ದು. ನಾವು ಇಲ್ಲಿ ಡಾಗ್‌ರಿಡ್ಜ್ ಅನ್ನುವ ತಳಿಯ ಬೇರಿನ ಮೇಲೆ ಕಸಿ ಕಟ್ಟದೆ ದ್ರಾಕ್ಷಿ ಮಾಡುವುದು ಅಪರೂಪ, ಉಪ್ಪುನೀರು, ಬರ ತಡೆಯಲಿ ಅಂತ. ಯುರೋಪಿನಲ್ಲಿ ಕಸಿ ಮಾಡುವುದು ಬೇರೆ ಕಾರಣಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಅನ್ನುವ ಬೇರು ತಿನ್ನುವ ಹೇನು ಅಮೆರಿಕದಿಂದ ಬಂದು ಅವರ ತೋಟಗಳನ್ನೆಲ್ಲ ತೊಳೆದುಬಿಟ್ಟಿತು. ಆದರೆ ಮರಳಿನಲ್ಲಿ ಆ ಹೇನು ಓಡಾಡಲಾರದು. ಸುಲ್ಚಿಸ್ ಪಕ್ಕದ ಸಾಂತಾಂತಿಯೊಕೊ ದ್ವೀಪದ ಮರಳು ನೆಲದಲ್ಲಿ ಕರಿನ್ಯಾನೊ ಇವತ್ತಿಗೂ ತನ್ನ ಸ್ವಂತ ಬೇರಿನ ಮೇಲೇ ಇದೆ, ಕಸಿ ಇಲ್ಲದೆ. ಇದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ ಅಂದರೆ ರೈತನಾಗಿ ನನಗೆ ಹೊಟ್ಟೆ ಉರಿಯುತ್ತದೆ.

ಕೋಟೆ ಕೆಳಗಿನವ

ಕುಷ್ಟಗಿಯವರು ಹೇಳಿದ ಮೇಲೆ ನಾನು ಜಾಸ್ತಿ ಮಾತಾಡಲ್ಲ. ಆದರೂ ಪ್ರಶ್ನೆ ಕೇಳಿದವರು ಸಸ್ಸಿಕಾಯಾ ರುಚಿಯೇ ಹೇಗಿರಬಹುದು ಅಂತ ಹುಡುಕುತ್ತಿದ್ದರೆ, ಬರ್ರುವಾ ಅದರ ಹಾಗೆ ಇರಲ್ಲ. ಅದು ಬೇರೆ ಜಾತಿ. ಸಸ್ಸಿಕಾಯಾ ತೆಳು ಮೈಯ, ನೆಟ್ಟಗೆ ನಿಂತ ವೈನ್. ಬರ್ರುವಾ ತುಂಬು ಮೈಯದು. ಸಸ್ಸಿಕಾಯಾ ಬೆಳೆಯುವ ಬೊಲ್ಗೆರಿ ಕಡೆಯದೇ ರುಚಿ ಬೇಕಿದ್ದರೆ ಸಸ್ಸಿಕಾಯಾ ಮನೆಯವರದೇ ಗ್ವಿದಾಲ್ಬೆರ್ತೊ ಇದೆ, ಕ್ಯಾಬರ್ನೆ ಮತ್ತು ಮೆರ್ಲೊ. ಬೆಲೆ ಬರ್ರುವಾಗಿಂತ ಸ್ವಲ್ಪ ಮೇಲೆ. ಆದರೆ ಅದರ ಹೆಸರು ಈಗಾಗಲೇ ಓಡಿದೆ, ನೀವು ಕೇಳಿದ "ಹೆಸರು ಓಡದ" ಲೆಕ್ಕಕ್ಕೆ ಬರಲ್ಲ.

ರಾಯಚೂರು ರೊಟ್ಟಿ

ಅಣ್ಣಂದಿರೆಲ್ಲ ಮೊಹರು, ಮಾರ್ಕೀಸು ಅಂತ ಜಗಳ ಆಡುತ್ತಿದ್ದೀರಿ. ಅವರು ಕೇಳಿದ ಉಳಿದ ಎರಡು ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬಿಸಿಲು ಮತ್ತು ಮಟನ್.

ಮೊದಲು ಬಿಸಿಲು. ನಾನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಇಟಲಿಯ ಕೆಂಪು ವೈನ್ ತಗೊಂಡಿದ್ದೆ. ಗಾಜಿನ ಶೋಕೇಸಿನಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ ನಿಲ್ಲಿಸಿದ್ದರು. ಮನೆಗೆ ಬಂದು ಮೇಲಿನ ಹಾಳೆ ಸುಲಿದರೆ ಕಾರ್ಕ್ ಬಾಟಲಿ ಬಾಯಿಗಿಂತ ಮೇಲೆ ಎದ್ದು ನಿಂತಿದೆ, ಕುತ್ತಿಗೆ ಉದ್ದಕ್ಕೂ ಅಂಟಂಟು ಗೆರೆ. ಒಳಗೆ ಬೇಯಿಸಿದ ಒಣದ್ರಾಕ್ಷಿ ವಾಸನೆ. ಕೇಳಿದರೆ "ಮೇಡಂ, ಇಟಲಿ ವೈನ್ ಹಾಗೇ ಇರುತ್ತೆ" ಅಂದರು. ನಮ್ಮಲ್ಲಿ ಆಮದು ವೈನಿಗೆ ವರ್ಷಗಟ್ಟಲೆ ಕಸ್ಟಮ್ಸ್ ಸುಂಕವೇ ಶೇ. 150 ಇತ್ತು. ಅದರ ಮೇಲೆ ರಾಜ್ಯದ ಅಬಕಾರಿ. ಅಷ್ಟು ದುಡ್ಡು ಕೊಟ್ಟು ಬೇಯಿಸಿದ ವೈನ್ ಕುಡಿಯುವುದಕ್ಕಿಂತ ನಿಮ್ಮ ತಮ್ಮ ತರುವುದೇ ಒಳ್ಳೆಯದು.

ತರುವುದು ಹೇಗೆ ಅಂದರೆ, ವಿದೇಶದಿಂದ ಬರುವವರಿಗೆ 2 ಲೀಟರ್ ತನಕ ಸುಂಕ ಇಲ್ಲ. 750 ಎಂಎಲ್ ಬಾಟಲಿ ಎರಡು ಆರಾಮಾಗಿ ಬರುತ್ತವೆ. ಮೂರನೆಯದಕ್ಕೆ ಮಿತಿ ದಾಟುತ್ತದೆ, ಅಲ್ಲಿ ಆಸೆ ಬೇಡ. ಕೈಚೀಲದಲ್ಲಿ ಬಿಡಲ್ಲ, ದೊಡ್ಡ ಸೂಟ್‌ಕೇಸಿನ ನಡುವೆ ಸ್ವೆಟರ್ ಸುತ್ತಿ ಇಡಲಿ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ರೈಲು. ಎಸಿ ಬೋಗಿ ಸಿಕ್ಕರೆ ಇನ್ನೂ ಒಳ್ಳೆಯದು. ಜನವರಿ ಆಗಿರುವುದರಿಂದ ಭಯ ಇಲ್ಲ. ಏಪ್ರಿಲ್ ಆಗಿದ್ದರೆ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಇಟ್ಟು ತರಬೇಡಿ ಅಂತ ಗಟ್ಟಿಯಾಗಿ ಹೇಳುತ್ತಿದ್ದೆ.

ಮನೆಯಲ್ಲಿ ಅಟ್ಟದ ಮೇಲೆ ಇಡಬೇಡಿ, ಫ್ರಿಜ್ ತಲೆ ಮೇಲಂತೂ ಬೇಡವೇ ಬೇಡ. ಅಲ್ಲಿ ಬಿಸಿ, ಅಲುಗಾಟ ಎರಡೂ. ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಮಲಗಿಸಿಡಿ, ಒಂದೆರಡು ತಿಂಗಳಿಗೆ ಏನೂ ಆಗಲ್ಲ. ಕುಡಿಯುವ ದಿನ ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಡಿ. ಪುಸ್ತಕದಲ್ಲಿ "ಕೋಣೆಯ ಉಷ್ಣಾಂಶ" ಅಂತ ಬರೆದಿರುತ್ತಾರೆ, ಅದು ಅವರ ಕೋಣೆ, 16ರಿಂದ 18 ಡಿಗ್ರಿ. ಬಳ್ಳಾರಿ ಕೋಣೆ ಅಲ್ಲ! ಮುಟ್ಟಿದರೆ ತಣ್ಣಗೆ ಅನ್ನಿಸಬೇಕು, ಆದರೆ ಬಾಟಲಿ ಬೆವರಬಾರದು.

ಈಗ ಮಟನ್. ಈ ವೈನಿನಲ್ಲಿ ಆಲ್ಕೋಹಾಲ್ 14ರ ಆಸುಪಾಸು, ಕೆಲವು ವರ್ಷ ಮೇಲೆಯೇ. ಖಾರವೂ ಆಲ್ಕೋಹಾಲೂ ಬಾಯಲ್ಲಿ ಒಂದೇ ಉರಿಯನ್ನು ಎಬ್ಬಿಸುತ್ತವೆ. ನಮ್ಮ ಕಡೆ ಗುಂಟೂರು ಮೆಣಸಿನಕಾಯಿ ಹಾಕಿ ಕುದಿಸಿದ ಸಾರಿನ ಜೊತೆ ಕುಡಿದರೆ ವೈನ್ ಬರೀ ಉರಿ, ಒಗರು ಅನ್ನಿಸುತ್ತದೆ. ಬಾಟಲಿ ದಂಡ. ಆವತ್ತು ಒಂದು ದಿನ ಬ್ಯಾಡಗಿ ಹಾಕಿ. ಬಣ್ಣ ಬರುತ್ತದೆ, ಖಾರ ಹದ. ಸಾರು ಬೇಡ, ಒಣ ಮಾಡಿ. ಎಲುಬಿರುವ ಕುರಿ ಮಾಂಸ, ಈರುಳ್ಳಿ ಚೆನ್ನಾಗಿ ಕೆಂಪಗೆ ಹುರಿದು, ಒಣಕೊಬ್ಬರಿ, ಗಸಗಸೆ, ಧನಿಯಾ, ಸ್ವಲ್ಪ ಮೆಣಸು. ಹುಣಸೆಹಣ್ಣು ಹಾಕಬೇಡಿ. ಜೋಳದ ರೊಟ್ಟಿ ಜೊತೆ. ಸಾರ್ಡಿನಿಯಾದವರೂ ಕುರಿ ಸಾಕುವ ಜನ, ಅವರ ಹೆಸರಾಂತ ಪೆಕೊರಿನೊ ಚೀಸ್ ಕುರಿ ಹಾಲಿನದೇ, ಹಾಗಾಗಿ ಕುರಿ ಜೊತೆ ಇದು ಹೊಂದದೆ ಎಲ್ಲಿ ಹೋಗುತ್ತದೆ.

ಮನೆಯಲ್ಲಿ ಮಾಂಸ ತಿನ್ನದವರು ಇದ್ದರೆ ಎಣ್ಣೆಗಾಯಿ ಮಾಡಿ. ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆ ಅಂಶ ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ಮಿರ್ಚಿ ಮಂಡಕ್ಕಿ ಮಾತ್ರ ಬೇಡ, ಅದಕ್ಕೆ ಬಿಯರೇ ಸರಿ.

ಬಳ್ಳಾರಿ ಬಿಸಿಲು

ಅಕ್ಕಾರೇ, ಅಣ್ಣಂದಿರೇ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ತಮ್ಮನಿಗೆ ಹೇಳಿಬಿಟ್ಟೆ. ಎರಡು ಬಾಟಲಿ ಹೇಗೂ ತರಬಹುದಲ್ಲ, ಒಂದು ಬರ್ರುವಾ, ಒಂದು ರೊಕ್ಕಾ ರೂಬಿಯಾ. ಎರಡೂ ಸೇರಿ 60 ಯುರೋ ಒಳಗೇ ಆಗುತ್ತದಂತೆ. ಯಾರ ಮಾತೂ ತೆಗೆದುಹಾಕಿದ ಹಾಗಾಗಲಿಲ್ಲ. ತೋರಿನೋದ ಅಂಗಡಿಯಲ್ಲಿ ಬರ್ರುವಾ ಬೇರೆ ಬೇರೆ ವರ್ಷದ್ದು ಇದೆಯಂತೆ, ಯಾವುದು ತರಲಿ ಅಂತ ಕೇಳುತ್ತಿದ್ದಾನೆ. ಮತ್ತೆ ನಮ್ಮ ಮನೆಯಲ್ಲಿ ವೈನ್ ಗಾಳಿಯಾಡಲು ಸುರಿದಿಡುವ ಡಿಕ್ಯಾಂಟರ್ ಎಲ್ಲ ಇಲ್ಲ, ನಡೆಯುತ್ತಾ?

ಗಂಗಾವತಿ ಗ್ಲಾಸ್

ಅಂಗಡಿಯವರು ಬಾಟಲಿಗಳನ್ನು ಮಲಗಿಸಿ ತಂಪಾಗಿ ಇಟ್ಟಿದ್ದರೆ, ಐದಾರು ವರ್ಷ ಹಳೆಯದು ತಗೊಳ್ಳಲಿ. ಆಗ ಓಕ್ ಇಳಿದು ಹಣ್ಣು ಮುಂದೆ ಬಂದಿರುತ್ತದೆ. ದೀಪದ ಕೆಳಗೆ ನಿಲ್ಲಿಸಿಟ್ಟಿದ್ದರೆ ಹಳೆಯದರ ಆಸೆ ಬಿಟ್ಟು ಹೊಸದೇ ಸಾಕು. ಕಾರ್ಕ್ ಎದ್ದಿದೆಯಾ, ಕುತ್ತಿಗೆ ಅಂಟಾಗಿದೆಯಾ, ರಾಯಚೂರು ಅಕ್ಕ ಹೇಳಿದ್ದನ್ನು ಅಂಗಡಿಯಲ್ಲೇ ನೋಡಿಕೊಳ್ಳಲಿ.

ಡಿಕ್ಯಾಂಟರ್ ಇಲ್ಲದಿದ್ದರೆ ಏನೂ ಚಿಂತೆ ಇಲ್ಲ. ಮನೆಯಲ್ಲಿರುವ ಗಾಜಿನ ಜಗ್ ಚೆನ್ನಾಗಿ ತೊಳೆದು, ಸೋಪಿನ ವಾಸನೆ ಹೋಗುವ ತನಕ ನೀರು ಹಾಕಿ, ಒಣಗಿಸಿ ಇಟ್ಟುಕೊಳ್ಳಿ. ಊಟಕ್ಕೆ ಒಂದು ಗಂಟೆ ಮುಂಚೆ ಅದಕ್ಕೆ ಸುರಿಯಿರಿ, ತಳದಲ್ಲಿ ಗಸಿ ಇದ್ದರೆ ಕೊನೆಯ ಒಂದು ಗುಟುಕು ಬಾಟಲಿಯಲ್ಲೇ ಬಿಡಿ.

ಕೋಟೆ ಕೆಳಗಿನವ

ಒಂದೇ ದಿನ ಎರಡೂ ತೆರೆಯುವುದಾದರೆ ರೊಕ್ಕಾ ರೂಬಿಯಾ ಮೊದಲು, ಬರ್ರುವಾ ಆಮೇಲೆ. ಉಲ್ಟಾ ಮಾಡಿದರೆ ನಾನು ಹೇಳಿದ ವೈನ್ ಸಪ್ಪೆ ಅನ್ನಿಸುತ್ತದೆ, ಆಮೇಲೆ ಗಂಗಾವತಿಯವರು ಗೆದ್ದೆ ಅಂತ ಕುಣಿಯುತ್ತಾರೆ. ಕುಡಿದಾದ ಮೇಲೆ ಇಲ್ಲೇ ಬಂದು ಬರೆಯಿರಿ, ನಾನಂತೂ ಬಿಡಲ್ಲ.